ಪಟಾಕಿಗೆ ಲಗಾಮು ಎಲ್ಲಿ ಹಾಕಬೇಕು? ಮಲೆನಾಡಿನ ಲೆಕ್ಕ

ದೀಪಾವಳಿ ಹತ್ತಿರ ಬಂತೆಂದರೆ ಶಿವಮೊಗ್ಗದ ಹೋಟೆಲುಗಳಲ್ಲಿ ಕಾಫಿ ಜೊತೆಗೇ ಒಂದು ಪ್ರಶ್ನೆ ಬರುತ್ತದೆ. 'ಈ ವರ್ಷ ಪಟಾಕಿ ಬ್ಯಾನಂತೆ, ಹೌದಾ?' ಒಬ್ಬರು ಹೌದು ಅನ್ನುತ್ತಾರೆ. ಇನ್ನೊಬ್ಬರು ಅದೆಲ್ಲ ದೆಹಲಿಯವರಿಗೆ ಅನ್ನುತ್ತಾರೆ. ಮೂರನೆಯವರು 'ಹಬ್ಬ ನಮ್ದು, ದುಡ್ಡು ನಮ್ದು, ಕೇಳೋಕೆ ಇವರ್ಯಾರು' ಎಂದು ಎದ್ದು ಹೋಗುತ್ತಾರೆ.

ನಮ್ಮಲ್ಲಿ ಪಟಾಕಿ ಬ್ಯಾನ್ ಆಗಿಲ್ಲ. ಆದರೆ ಯಾವ ಪಟಾಕಿ, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಹತ್ತಿರ ಕೊಂಡದ್ದು ಎಂಬುದಕ್ಕೆಲ್ಲ ನಿಯಮ ಇದೆ. ಅದು ದೆಹಲಿಗೆ ಮಾತ್ರ ಅಲ್ಲ, ತೀರ್ಥಹಳ್ಳಿಗೂ ಅನ್ವಯಿಸುತ್ತದೆ. ತೊಡಕು ಏನೆಂದರೆ ಈ ನಿಯಮಗಳು ಒಂದೇ ಪುಸ್ತಕದಲ್ಲಿಲ್ಲ. ಸ್ಫೋಟಕ ಕಾಯ್ದೆಯಲ್ಲಿ ಸ್ವಲ್ಪ, ಪರಿಸರ ನಿಯಮದಲ್ಲಿ ಸ್ವಲ್ಪ, ಶಬ್ದಮಾಲಿನ್ಯ ನಿಯಮದಲ್ಲಿ ಸ್ವಲ್ಪ, ಸುಪ್ರೀಂ ಕೋರ್ಟಿನ ಆದೇಶಗಳಲ್ಲಿ ಬಹಳಷ್ಟು. ಓದುವವರು ಯಾರು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬತ್ತಿಗೆ ಕಿಡಿ ತಾಗಿದ ಮೇಲೆ ಯಾವ ಕಾನೂನೂ ಏನೂ ಮಾಡಲಾರದು. ಆ ಮೂರು ಸೆಕೆಂಡಿನಲ್ಲಿ ಪೊಲೀಸರು ಬರುವುದಿಲ್ಲ, ಸದ್ದು ಅಳೆಯುವ ಮೀಟರೂ ಬರುವುದಿಲ್ಲ. ಹಿಡಿಯಬೇಕಾದ್ದು ಅದಕ್ಕೂ ಮೊದಲು: ಮಾಲು ದಾಸ್ತಾನು ಮಾಡುವಲ್ಲಿ, ಅಂಗಡಿಯಲ್ಲಿ, ಮತ್ತು ಹೊಡೆಯುವ ಜಾಗ ಆರಿಸುವಾಗ. ನಮ್ಮಲ್ಲಿ ಚರ್ಚೆ ಮಾತ್ರ ಯಾವಾಗಲೂ ಬೀದಿಯಲ್ಲಿ ಸರಪಟಾಕಿ ಹಚ್ಚುವ ಹುಡುಗನ ಸುತ್ತ ತಿರುಗುತ್ತದೆ.

ಎಂಟರಿಂದ ಹತ್ತು

ಈಗ ಚಾಲ್ತಿಯಲ್ಲಿರುವ ಹೆಚ್ಚಿನ ನಿಯಮಗಳ ಬೇರು 2015ರಲ್ಲಿದೆ. ಆ ವರ್ಷ ದೆಹಲಿಯ ಮೂರು ಪುಟ್ಟ ಮಕ್ಕಳ ಹೆಸರಿನಲ್ಲಿ ಅವರ ಅಪ್ಪ ಅಮ್ಮಂದಿರು ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಮಕ್ಕಳ ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ, ಈ ಹೊಗೆ ತಡೆಯಿರಿ ಎಂಬುದು ಅವರ ಅಹವಾಲು. ಅರ್ಜುನ್ ಗೋಪಾಲ್ ಪ್ರಕರಣ ಎಂದು ಹೆಸರಾದ ಈ ಕೇಸಿನಲ್ಲಿ 2018ರ ಅಕ್ಟೋಬರ್ 23ರಂದು ಬಂದ ಆದೇಶವೇ ಇವತ್ತಿಗೂ ಮುಖ್ಯ.

ಕೋರ್ಟು ಪೂರ್ತಿ ನಿಷೇಧಿಸಲಿಲ್ಲ. ಕಡಿಮೆ ಹೊಗೆಯ, ಅಂದರೆ 'ಹಸಿರು' ಪಟಾಕಿ ಮಾತ್ರ ಮಾರಬೇಕು ಎಂದಿತು. ಬೇರಿಯಂ ಲವಣ ಹಾಕುವಂತಿಲ್ಲ, ಸರಪಟಾಕಿ ಇಲ್ಲ, ಆನ್‌ಲೈನ್ ಮಾರಾಟ ಇಲ್ಲ. ದೀಪಾವಳಿಯಲ್ಲಿ ರಾತ್ರಿ 8ರಿಂದ 10ರವರೆಗೆ ಮಾತ್ರ ಹೊಡೆಯಬೇಕು. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕಾದರೆ 11.55ರಿಂದ 12.30. ಪಾಲಿಸದಿದ್ದರೆ ಆ ಠಾಣೆಯ ಅಧಿಕಾರಿಯೇ ವೈಯಕ್ತಿಕವಾಗಿ ಹೊಣೆ. ಆಮೇಲೆ 2023ರ ನವೆಂಬರಿನಲ್ಲಿ, ಇದು ದೆಹಲಿಗೆ ಮಾತ್ರ ಅಲ್ಲ, ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದು ಕೋರ್ಟು ಮತ್ತೊಮ್ಮೆ ಬಿಡಿಸಿ ಹೇಳಿತು. ಹೋಟೆಲಿನ ಆ ಎರಡನೆಯವರ ವಾದ ಅಲ್ಲಿಗೆ ಮುಗಿಯಿತು.

ಇದಕ್ಕೂ ಹಳೆಯ ನಿಯಮಗಳಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿ ಹೊಡೆಯುವಂತಿಲ್ಲ ಎಂಬುದು 2005ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ಆದ ತಿದ್ದುಪಡಿಯಲ್ಲೂ ಅದೇ ಮಾತು ಸೇರಿತು. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಮೌನ ವಲಯ, ಅಲ್ಲಿ ಹಗಲಲ್ಲೂ ಇಲ್ಲ. ಇದರಲ್ಲೊಂದು ಸೂಕ್ಷ್ಮ ಇದೆ. 2017ರಲ್ಲಿ ಮತ್ತೆ ತಿದ್ದುಪಡಿಯಾಗಿ, ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗ ಮಾತ್ರ ಮೌನ ವಲಯ ಎಂದಾಯಿತು. ಹಾಗಾಗಿ ನಿಮ್ಮೂರಿನ ಆಸ್ಪತ್ರೆ ಎದುರು ಬೋರ್ಡ್ ಇದೆಯೋ ಇಲ್ಲವೋ ಎಂಬುದು ಸಣ್ಣ ವಿಷಯ ಅಲ್ಲ. ಬೋರ್ಡಿನ ಹಿಂದೆ ಅಧಿಸೂಚನೆ ಇದೆಯಾ ಎಂದು ಒಮ್ಮೆ ಕೇಳಿ ನೋಡಬೇಕು.

ನಮ್ಮ ರಾಜ್ಯದಲ್ಲಿ ಬಿಗಿ ಬಂದದ್ದು ಅತ್ತಿಬೆಲೆಯಿಂದ. 2023ರ ಅಕ್ಟೋಬರ್ 7ರಂದು ಅಲ್ಲಿನ ಪಟಾಕಿ ಮಳಿಗೆಯಲ್ಲಿ ಲಾರಿಯಿಂದ ಮಾಲು ಇಳಿಸುವಾಗ ಬೆಂಕಿ ಹೊತ್ತಿ 14ಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ಕೆಲಸಕ್ಕೆಂದು ಬಂದ ಹುಡುಗರೇ ಜಾಸ್ತಿ. ಅದಾದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮದುವೆ, ರಾಜಕೀಯ ಕಾರ್ಯಕ್ರಮ, ಗಣೇಶನ ಮೆರವಣಿಗೆಗಳಲ್ಲಿ ಪಟಾಕಿ ಬೇಡ, ಹಬ್ಬಕ್ಕೆ ಹಸಿರು ಪಟಾಕಿ ಮಾತ್ರ ಎಂದು ಪ್ರಕಟಿಸಿದರು. ಅತ್ತಿಬೆಲೆಯಲ್ಲಿ ಸತ್ತವರಲ್ಲಿ ಪಟಾಕಿ ಹೊಡೆಯುತ್ತಿದ್ದವರು ಯಾರೂ ಇರಲಿಲ್ಲ ಎಂಬುದನ್ನು ಮರೆಯಬಾರದು. ಅವರೆಲ್ಲ ಮಾಲಿನ ಹತ್ತಿರ ಇದ್ದವರು.

ಕೇರಳದ ಪುಟ್ಟಿಂಗಲ್ ದೇವಸ್ಥಾನದ ಕತೆಯೂ ಹಾಗೇ. 2016ರ ಏಪ್ರಿಲ್ 10ರ ನಸುಕಿನಲ್ಲಿ ಕೊಲ್ಲಂ ಜಿಲ್ಲೆಯ ಪರವೂರಿನಲ್ಲಿ ಎರಡು ತಂಡಗಳು ಪೈಪೋಟಿಗೆ ಬಿದ್ದು ಬಾಣಬಿರುಸು ಹಾರಿಸುತ್ತಿದ್ದವು. ಒಂದು ಕಿಡಿ ದಾಸ್ತಾನು ಕೋಣೆಗೆ ಬಿತ್ತು. ನೂರಕ್ಕೂ ಹೆಚ್ಚು ಜನ ಹೋದರು. ಈ ಪೈಪೋಟಿಗೆ ಜಿಲ್ಲಾಡಳಿತ ಅನುಮತಿ ಕೊಟ್ಟಿರಲಿಲ್ಲ. ಕಾಗದದಲ್ಲಿ ಬೇಡ ಎಂದಿತ್ತು, ಮದ್ದು ಮಾತ್ರ ಆಗಲೇ ದೇವಸ್ಥಾನದ ಒಳಗೆ ಇತ್ತು. ಜನ ಸೇರಿದ ಮೇಲೆ, ಉತ್ಸವ ಶುರುವಾದ ಮೇಲೆ ಯಾರು ಹೋಗಿ ನಿಲ್ಲಿಸುತ್ತಾರೆ?

ದಾಸ್ತಾನು ಅಂದರೆ ಏನು ಎಂದು ಶಿವಮೊಗ್ಗದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕಲ್ಲು ಕ್ವಾರಿಯ ಸ್ಫೋಟಕ ಸಿಡಿದಾಗ ಪಕ್ಕದ ಜಿಲ್ಲೆಗಳಲ್ಲೂ ಕಿಟಕಿ ಬಾಗಿಲು ಅದುರಿದವು. ಭೂಕಂಪ ಎಂದು ಜನ ಬೀದಿಗೆ ಬಂದರು. ಅದು ಪಟಾಕಿ ಅಲ್ಲ, ಬಂಡೆ ಒಡೆಯುವ ಮದ್ದು. ಆದರೆ ಎರಡಕ್ಕೂ ತಾಯಿ ಕಾನೂನು ಒಂದೇ: 1884ರ ಸ್ಫೋಟಕ ಕಾಯ್ದೆ ಮತ್ತು ಅದರಡಿಯ 2008ರ ನಿಯಮಗಳು. ಸರ್ಕಾರದ ಕಣ್ಣಿಗೆ ಲಕ್ಷ್ಮಿ ಪಟಾಕಿಯೂ ಸ್ಫೋಟಕವೇ.

ಆ ನಿಯಮದಲ್ಲಿ ಹಬ್ಬದ ತಾತ್ಕಾಲಿಕ ಅಂಗಡಿಗಳ ಬಗ್ಗೆ ಬಿಡಿ ಬಿಡಿಯಾಗಿ ಬರೆದಿದೆ. ಶೆಡ್ಡು ಬೆಂಕಿ ಹಿಡಿಯದ ವಸ್ತುವಿನದ್ದಾಗಿರಬೇಕು. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ 3 ಮೀಟರ್ ಅಂತರ, ಮನೆ ಮಠಗಳಿಂದ 50 ಮೀಟರ್. ಎದುರು ಬದುರು ಬಾಗಿಲು ಇರಬಾರದು, ಏಕೆಂದರೆ ಒಂದರೊಳಗಿನ ರಾಕೆಟ್ ಇನ್ನೊಂದಕ್ಕೆ ನುಗ್ಗುತ್ತದೆ. ಒಳಗೆ ಎಣ್ಣೆ ದೀಪ, ಗ್ಯಾಸ್ ಲೈಟು ಇಲ್ಲ. ಕರೆಂಟಿನ ಬಲ್ಬು ನೇತಾಡಬಾರದು, ಗೋಡೆಗೋ ಮಾಡಿಗೋ ಗಟ್ಟಿಯಾಗಿ ಕೂರಿಸಿರಬೇಕು. 50 ಮೀಟರ್ ಒಳಗೆ ಯಾರೂ ಪಟಾಕಿ ಹೊಡೆಯಬಾರದು. ಒಂದು ಗುಂಪಿನಲ್ಲಿ 50ಕ್ಕಿಂತ ಜಾಸ್ತಿ ಅಂಗಡಿ ಬೇಡ. ಈ ಸಲ ಪಟಾಕಿ ತರಲು ಹೋದಾಗ ಸುಮ್ನೆ ಒಮ್ಮೆ ಅಂಗಡಿ ಸಾಲನ್ನು ಈ ಕಣ್ಣಿನಿಂದ ನೋಡಿ. ತಗಡಿನ ಶೆಡ್ಡಿನ ಮುಂದೆ ನೆರಳಿಗೆ ಕಟ್ಟಿದ ಪ್ಲಾಸ್ಟಿಕ್ ಟಾರ್ಪಾಲು, ಅದರಡಿ ಒಂದು ವೈರಿನಲ್ಲಿ ತೂಗುವ ಬಲ್ಬು, ಕೆಳಗೆ ಬಾಯಿ ತೆರೆದ ರಟ್ಟಿನ ಡಬ್ಬಗಳು ಕಂಡರೆ ಮುಂದಿನ ಅಂಗಡಿಗೆ ಹೋಗಿ.

ಸದ್ದಿನ ಗಣಿತ

ಡೆಸಿಬೆಲ್ ಎಂಬ ಪದ ಎಲ್ಲರೂ ಕೇಳಿದ್ದೇವೆ. ಅದು ಹೇಗೆ ಏರುತ್ತದೆ ಎಂಬುದು ಮಾತ್ರ ನಮ್ಮ ಅಂದಾಜಿಗೆ ಸಿಗುವುದಿಲ್ಲ. 10 ಡೆಸಿಬೆಲ್ ಜಾಸ್ತಿಯಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. 20 ಜಾಸ್ತಿಯಾದರೆ ನೂರು ಪಟ್ಟು. 55ರಿಂದ 95ಕ್ಕೆ ಹೋದರೆ ಹತ್ತು ಸಾವಿರ ಪಟ್ಟು.

1999ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹಾಕಿದ ಮಿತಿ ಹೀಗಿದೆ: ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಅಳೆದಾಗ 125 ಡೆಸಿಬೆಲ್ ಮೀರಬಾರದು. ಕ್ಷಣದ ತುತ್ತತುದಿಯ ಲೆಕ್ಕದಲ್ಲಾದರೆ 145. ಅದಕ್ಕಿಂತ ಜೋರಿನದ್ದನ್ನು ಮಾಡುವುದು, ಮಾರುವುದು, ಹೊಡೆಯುವುದು ಮೂರೂ ತಪ್ಪು.

125 ಅಂದರೆ ಎಷ್ಟು? ಬಯಲಿನಲ್ಲಿ ದೂರ ಎರಡು ಪಟ್ಟಾದಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 8 ಮೀಟರಿನಲ್ಲಿ 119, 16ರಲ್ಲಿ 113, 32ರಲ್ಲಿ 107, 64ರಲ್ಲಿ 101. 128 ಮೀಟರ್ ದೂರದಲ್ಲೂ 95ರ ಹತ್ತಿರ. ಅಂದರೆ ಮೌನ ವಲಯದ 100 ಮೀಟರ್ ಗಡಿಯಾಚೆ ನಿಂತು, ಕಾನೂನಿಗೆ ತಕ್ಕ ಪಟಾಕಿಯನ್ನೇ ಹೊಡೆದರೂ ಆಸ್ಪತ್ರೆ ಹಾಸಿಗೆಯ ಮೇಲಿರುವವರು ಬೆಚ್ಚಿ ಬೀಳುತ್ತಾರೆ. ಮೌನ ವಲಯದ ಹಗಲಿನ ಮಿತಿ 50 ಡೆಸಿಬೆಲ್ ತಾನೇ, ಮತ್ತೆ ಹೇಗೆ ಎಂದು ನೀವು ಕೇಳಬಹುದು. ಆ 50 ಇಡೀ ಹೊತ್ತಿನ ಸರಾಸರಿ. ಪಟಾಕಿ ಸದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ, ಎದೆಯಲ್ಲಿ ಕರಗುವುದಿಲ್ಲ. ಹಬ್ಬ ಮುಗಿದ ಮೇಲೆ 'ಈ ಸಲ ಶಬ್ದ ಸ್ವಲ್ಪ ಮಾತ್ರ ಹೆಚ್ಚು' ಎಂಬ ಸುದ್ದಿ ಓದುವಾಗ ಇದನ್ನು ನೆನಪಿಡಿ.

ಮಕ್ಕಳ ವಿಷಯದಲ್ಲಿ ಇನ್ನೊಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಪ್ರಕಾರ ಇಂಥ ಸಿಡಿತದ ಸದ್ದಿನ ತುದಿ ದೊಡ್ಡವರ ಕಿವಿಯಲ್ಲಿ 140, ಮಕ್ಕಳ ಕಿವಿಯಲ್ಲಿ 120 ಡೆಸಿಬೆಲ್ ದಾಟಬಾರದು. ನಮ್ಮ ಮಿತಿ 4 ಮೀಟರಿನಲ್ಲಿ 145. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಅದು 120ಕ್ಕೆ ಇಳಿಯಲು ಸುಮಾರು 70 ಮೀಟರ್ ದೂರ ಬೇಕು. ನಮ್ಮ ಮಕ್ಕಳು ಎಲ್ಲಿ ನಿಂತಿರುತ್ತಾರೆ? ಕಿವಿಗೆ ಬೆರಳಿಟ್ಟುಕೊಂಡು, ನಾಲ್ಕು ಹೆಜ್ಜೆ ಹಿಂದೆ.

ಇದೆಲ್ಲ ಬಯಲಿನ ಲೆಕ್ಕ. ಮಲೆನಾಡಿನಲ್ಲಿ ಬಯಲು ಎಲ್ಲಿದೆ? ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಒಂದು ಆಟಂ ಬಾಂಬ್ ಹೊಡೆದರೆ ಸದ್ದು ಆ ಕಡೆ ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಒಂಟಿ ಮನೆಯವರಿಗೆ ಯಾವ ದಿಕ್ಕಿನಿಂದ ಬಂತು ಎಂದೇ ಗೊತ್ತಾಗುವುದಿಲ್ಲ. ದೀಪಾವಳಿ ಹೊತ್ತಿನ ರಾತ್ರಿಗಳಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ಸಂಜೆ ನೆಲ ಬೇಗ ತಣ್ಣಗಾಗಿ, ತಣ್ಣನೆ ಗಾಳಿ ಕಣಿವೆಯಲ್ಲಿ ಕೂರುತ್ತದೆ. ಅದರ ಮೇಲೆ ಬಿಸಿ ಗಾಳಿ ಮುಚ್ಚಳದ ಹಾಗೆ ನಿಲ್ಲುತ್ತದೆ. ಹೊಗೆ ಮೇಲೆ ಏರುವುದಿಲ್ಲ, ಸದ್ದೂ ಬಾಗಿ ಮತ್ತೆ ನೆಲಕ್ಕೇ ಬರುತ್ತದೆ. ಬೆಳಗ್ಗೆ ಗದ್ದೆ ಮೇಲೆ ಮಂಜು ಎಂದು ನಾವು ನೋಡುವುದರಲ್ಲಿ ರಾತ್ರಿಯ ಗಂಧಕದ ವಾಸನೆಯೂ ಇರುತ್ತದೆ.

ಹಸಿರು ಪಟಾಕಿ ಇದಕ್ಕೆಲ್ಲ ಪರಿಹಾರ ಅಲ್ವಾ? ಅರ್ಧ ಮಾತ್ರ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ಈ ಪಟಾಕಿಗಳಲ್ಲಿ ಬೇರಿಯಂ ನೈಟ್ರೇಟ್ ಇಲ್ಲ, ಅಲ್ಯೂಮಿನಿಯಂ ಕಡಿಮೆ. ಕೆಲವು ಸಿಡಿಯುವಾಗ ನೀರಿನ ಆವಿ ಬಿಟ್ಟು ದೂಳನ್ನು ಸ್ವಲ್ಪ ಕೂರಿಸುತ್ತವೆ. ಮಾಮೂಲಿ ಪಟಾಕಿಗಿಂತ ಸುಮಾರು 30 ಪರ್ಸೆಂಟ್ ದೂಳು ಕಡಿಮೆ ಎಂಬುದು ಅದರ ಅಳತೆಗೋಲು. ಅಂದರೆ ಉಳಿದ 70 ಹಾಗೇ ಇದೆ. ಸದ್ದಿನ ಮಿತಿಯಂತೂ ಹಳೆಯದೇ. ನಾಯಿಗೆ, ಹಸುವಿಗೆ, ಹಕ್ಕಿಗೆ ಹಸಿರು ಪಟಾಕಿಯೂ ಪಟಾಕಿಯೇ.

ಸದ್ದಿಲ್ಲದ್ದು ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2016ರಲ್ಲಿ ಪುಣೆಯ ಸಂಶೋಧಕರು ಒಂದೊಂದೇ ಪಟಾಕಿ ಹಚ್ಚಿ ಹೊಗೆಯ ಸಣ್ಣ ಕಣಗಳನ್ನು ಅಳೆದಾಗ ಮೊದಲ ಸ್ಥಾನದಲ್ಲಿ ನಿಂತದ್ದು ಹಾವಿನ ಮಾತ್ರೆ. ಸರಪಟಾಕಿಗಿಂತಲೂ ಜಾಸ್ತಿ. ಸಣ್ಣ ಮಕ್ಕಳಿಗೆ ಅಪಾಯ ಇಲ್ಲ ಎಂದು ನಾವು ಕೈಗೆ ಕೊಡುವುದು, ಅವರು ಬಗ್ಗಿ ಕೂತು ಮೂಗು ಹತ್ತಿರ ತಂದು ನೋಡುವುದು ಅದನ್ನೇ. ಸುರುಸುರು ಬತ್ತಿಯ ತುದಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಉರಿದು ಕಪ್ಪಾದ ತಂತಿಯನ್ನು ಅಂಗಳಕ್ಕೆ ಎಸೆದು, ಅದರ ಮೇಲೆ ಬರಿಗಾಲಿಟ್ಟವರು ಪ್ರತಿ ಊರಲ್ಲೂ ಇದ್ದಾರೆ. ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟು ಉರಿದದ್ದನ್ನೆಲ್ಲ ಅದರಲ್ಲಿ ಅದ್ದಿದರೆ ಸಾಕು.

ಕೊಟ್ಟಿಗೆಯಿಂದ ಮಂಡಗದ್ದೆವರೆಗೆ

ನಮ್ಮ ಕಡೆ ದೀಪಾವಳಿ ಎಂದರೆ ದೊಡ್ಡ ಹಬ್ಬ. ಪಾಡ್ಯದ ಬೆಳಗ್ಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಹೂವು, ಅಡಿಕೆಯ ಮಾಲೆ ಕಟ್ಟಿ ಪೂಜೆ ಮಾಡುತ್ತೇವೆ. ಅದೇ ಸಂಜೆ ಕೊಟ್ಟಿಗೆಯಿಂದ ಇಪ್ಪತ್ತು ಮಾರು ದೂರದ ಅಂಗಳದಲ್ಲಿ ಡಮ್ ಎನ್ನಿಸುತ್ತೇವೆ. ಹಗ್ಗದಲ್ಲಿ ಕಟ್ಟಿದ ಹಸು ಓಡಲಾರದು. ಕಣ್ಣಿ ಜಗ್ಗುತ್ತದೆ, ಗೋಡೆಗೆ ಒರಗುತ್ತದೆ, ಕರು ಇದ್ದರೆ ಅದರ ಮೇಲೇ ಕಾಲಿಡುತ್ತದೆ. ಮರುದಿನ ಬೆಳಗ್ಗೆ ಹಾಲು ಕಮ್ಮಿ. ಇದಕ್ಕೆ ಕಾರಣ ಸರಳ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಹಾಲು ಇಳಿಸುವ ಹಾರ್ಮೋನಿನ ಕೆಲಸ ತಡೆಯುತ್ತದೆ. ಹೆದರಿದ ಹಸು ಸೊರ ಬಿಡುವುದಿಲ್ಲ ಎಂದು ಹಾಲು ಕರೆಯುವವರು ಯಾವತ್ತಿನಿಂದಲೋ ಹೇಳುವುದು ಇದನ್ನೇ.

ನಾಯಿಯ ಪಾಡು ಬೇರೆ. ನಮ್ಮ ಕಿವಿ ಕೇಳುವುದು 20 ಸಾವಿರ ಹರ್ಟ್ಸ್‌ವರೆಗೆ, ನಾಯಿಯದ್ದು ಸುಮಾರು 45 ಸಾವಿರದವರೆಗೆ. ಪಟಾಕಿಯಲ್ಲಿ ನಮಗೆ ಕೇಳಿಸದ ಸದ್ದೂ ಅದಕ್ಕೆ ಕೇಳುತ್ತದೆ. ಮಲೆನಾಡಿನ ನಾಯಿಗೆ ಗುಡುಗು ಹೊಸದಲ್ಲ. ಆದರೆ ಗುಡುಗಿಗೆ ಮೋಡ, ಗಾಳಿ, ಮಳೆ ವಾಸನೆಯ ಮುನ್ಸೂಚನೆ ಇರುತ್ತದೆ. ಪಟಾಕಿಗೆ ಏನೂ ಇಲ್ಲ. ಸಂಜೆ ಮುಂಚೆಯೇ ಹೊರಗೆ ಓಡಾಡಿಸಿ, ಒಳಗಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಟಿವಿ ಅಥವಾ ರೇಡಿಯೋ ಹಾಕಿಡಿ. ಚೈನು ಹಾಕಿ ಹೊರಗೆ ಕಟ್ಟುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಬರಿಯಲ್ಲಿ ಕುತ್ತಿಗೆಗೇ ಬಿಗಿದುಕೊಳ್ಳುತ್ತದೆ. ಪಟ್ಟಿಯ ಮೇಲೆ ಫೋನ್ ನಂಬರ್ ಬರೆದಿಡಿ, ತಪ್ಪಿಸಿಕೊಂಡರೆ ಸಿಗಲಿ. ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ. ಕೆಲವು ಔಷಧಿಗಳಿಂದ ಮೈ ಮಾತ್ರ ಮಂಕಾಗುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಪಶುವೈದ್ಯರನ್ನು ಹಬ್ಬದ ವಾರಕ್ಕೆ ಮೊದಲೇ ಕೇಳಿ. ತುರ್ತಿಗೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಇದೆ.

ಹಕ್ಕಿಗಳ ಬಗ್ಗೆ ನೆದರ್ಲೆಂಡ್ಸಿನವರು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಮಳೆ ನೋಡುವ ರೇಡಾರಿನಲ್ಲಿ ಹೊಸ ವರ್ಷದ ರಾತ್ರಿ ಹನ್ನೆರಡು ದಾಟುತ್ತಿದ್ದಂತೆ ಸಾವಿರಾರು ಹಕ್ಕಿಗಳು ಒಮ್ಮೆಗೇ ಮೇಲೇಳುವುದು ಕಂಡಿತು. 500 ಮೀಟರ್ ಎತ್ತರದವರೆಗೂ ಏರಿ, ಕತ್ತಲಲ್ಲಿ ಸುತ್ತಿದವು. ಪಟಾಕಿ ಹೊಡೆದ ಜಾಗದಿಂದ 10 ಕಿಲೋಮೀಟರ್ ದೂರದ ಹಕ್ಕಿಗಳ ಮೇಲೂ ಪರಿಣಾಮ ಆಗುತ್ತದೆ ಎಂದು ಆಮೇಲಿನ ಅಧ್ಯಯನ ತೋರಿಸಿತು. 2021ರ ಜನವರಿ 1ರಂದು ರೋಮ್ ನಗರದ ರೈಲು ನಿಲ್ದಾಣದ ಹತ್ತಿರ ನೂರಾರು ಹಕ್ಕಿಗಳು ರಸ್ತೆ ಮೇಲೆ ಸತ್ತು ಬಿದ್ದಿದ್ದವು.

ಈಗ ಮಂಡಗದ್ದೆ ನೋಡಿ. ತೀರ್ಥಹಳ್ಳಿ ರಸ್ತೆಯಲ್ಲಿ ಶಿವಮೊಗ್ಗದಿಂದ 30 ಕಿಲೋಮೀಟರ್ ಹೋದರೆ ತುಂಗಾ ನದಿಯ ನಡುವೆ ಒಂದು ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಅಲ್ಲಿನ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ನೀರು ಏರಿದಾಗ ಮರದ ತಲೆ ಮಾತ್ರ ಕಾಣುತ್ತದೆ, ಅದರ ತುಂಬ ಗೂಡು. ನಾವು ಪಟಾಕಿ ಎಂದರೆ ದೀಪಾವಳಿ ಎಂದುಕೊಂಡಿದ್ದೇವೆ. ಈ ಹಕ್ಕಿಗಳಿಗೆ ದೀಪಾವಳಿಗಿಂತ ಗಣೇಶನ ಹಬ್ಬದ ವಾರಗಳೇ ಕಷ್ಟದ ಕಾಲ, ಏಕೆಂದರೆ ಆಗ ಗೂಡಿನಲ್ಲಿ ಮರಿ ಇರುತ್ತದೆ. ನದಿ ದಂಡೆಗೆ ಮೂರ್ತಿ ಬಿಡಲು ಬಂದವರು ಒಂದು ಸರ ಹಚ್ಚಿದರೆ ದೊಡ್ಡ ಹಕ್ಕಿಗಳು ಹಾರುತ್ತವೆ, ಹಾರಲಾರದ ಮರಿ ಗಾಬರಿಯಲ್ಲಿ ಅಂಚಿಗೆ ಬರುತ್ತದೆ. ಕೆಳಗೆ ಹರಿಯುವ ನೀರು. ಸೊರಬದ ಗುಡವಿ ಪಕ್ಷಿಧಾಮಕ್ಕೂ ಇದೇ ಮಾತು. 'ಎಂಟರಿಂದ ಹತ್ತು' ಎಂಬ ನಿಯಮ ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಇಲ್ಲಿ ಬೇಕಾದ್ದು ಜಾಗದ ನಿಯಮ.

ಅಂಥ ನಿಯಮ ಇದೆಯೂ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 32ನೇ ಸೆಕ್ಷನ್ ಅಭಯಾರಣ್ಯದೊಳಗೆ ಪ್ರಾಣಿಗಳಿಗೆ ಹಾನಿ ಮಾಡಬಹುದಾದ ಸ್ಫೋಟಕ, ರಾಸಾಯನಿಕ ಬಳಸುವುದನ್ನು ತಡೆಯುತ್ತದೆ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ ಎಲ್ಲ ಇದರಡಿ ಬರುತ್ತವೆ. ಕಾಡಂಚಿನ ಹೋಂಸ್ಟೇಗಳಲ್ಲಿ ಡಿಸೆಂಬರ್ 31ರ ರಾತ್ರಿ ಬೆಂಗಳೂರಿಂದ ಬಂದವರಿಗೆಂದು ಆಕಾಶಬಾಣ ಹಾರಿಸುವ ಮಾಲೀಕರು ತಮ್ಮ ಜಾಗದ ಸರ್ವೆ ನಂಬರ್ ಅಭಯಾರಣ್ಯದ ಗಡಿಯಿಂದ ಎಷ್ಟು ದೂರ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮೌನಕ್ಕೆಂದು ದುಡ್ಡು ಕೊಟ್ಟು ಬಂದವರಿಗೆ ಸದ್ದು ಮಾರುವುದು ನನಗಂತೂ ಅರ್ಥವಾಗದ ವ್ಯಾಪಾರ.

ಸಾಕಿದ ಆನೆಗೂ ಸದ್ದು ಸಹಜ ಅಲ್ಲ. ಮೈಸೂರು ದಸರಾಕ್ಕೆ ಮೊದಲು ಆನೆ, ಕುದುರೆಗಳ ಮುಂದೆ ಫಿರಂಗಿ ಹಾರಿಸಿ ಮತ್ತೆ ಮತ್ತೆ ತಾಲೀಮು ಕೊಡುತ್ತಾರೆ. ಸಕ್ರೆಬೈಲು ಬಿಡಾರದ ಆನೆಗಳು ಶಿವಮೊಗ್ಗದ ದಸರಾ ಮೆರವಣಿಗೆಗೆ ಬರುತ್ತವೆ. ಆ ದಾರಿಯಲ್ಲಿ ಯಾರೋ ಅಭಿಮಾನಕ್ಕೆ ಒಂದು ಸರ ಹಚ್ಚಿದರೆ ತೊಂದರೆ ಆನೆಗೆ ಮಾತ್ರ ಅಲ್ಲ, ಸುತ್ತ ನಿಂತ ಸಾವಿರಾರು ಜನಕ್ಕೂ.

ತೋಟದ ಪಟಾಕಿ

ಪೇಟೆಯವರ ಚರ್ಚೆಯಲ್ಲಿ ಬಾರದ ಒಂದು ವಿಷಯ ಇದೆ. ಮಲೆನಾಡಿನ ರೈತರು ಪಟಾಕಿ ಹೊಡೆಯುವುದು ಹಬ್ಬಕ್ಕಿಂತ ಜಾಸ್ತಿ ಗದ್ದೆ ತೋಟದಲ್ಲಿ. ಮಂಗ, ಹಂದಿ, ಕಾಡುಕೋಣ, ಈಗೀಗ ಆನೆ. ಭತ್ತ ಹಾಲುಗಟ್ಟುವ ಹೊತ್ತಿಗೆ ರಾತ್ರಿಯಿಡೀ ಕಾಯುವವನಿಗೆ 'ಹತ್ತು ಗಂಟೆ ಮೇಲೆ ಹೊಡೆಯಬೇಡ' ಎಂದು ಹೇಳುವವರು ಮೊದಲು ಅವನ ಜೊತೆ ಒಂದು ರಾತ್ರಿ ಕೂರಬೇಕು. ಇಲ್ಲಿ ಕಾನೂನಿನ ಮಾತಿಗಿಂತ ಅನುಭವದ ಮಾತು ಕೆಲಸಕ್ಕೆ ಬರುತ್ತದೆ. ಬರೀ ಸದ್ದಿಗೆ ಪ್ರಾಣಿಗಳು ಒಗ್ಗಿಹೋಗುತ್ತವೆ. ಮೊದಲ ವಾರ ಓಡುವ ಮಂಗ ಆಮೇಲೆ ಪಕ್ಕದ ಮರಕ್ಕೆ ಹಾರಿ ಕೂತು ನೋಡುತ್ತದೆ. ಆನೆಯಂತೂ ಓಡುವ ಬದಲು ತಿರುಗಿ ಬೀಳಬಹುದು. ಆನೆ ಬಂದರೆ ಒಬ್ಬರೇ ಪಟಾಕಿ ಹಿಡಿದು ಹೋಗದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡುವುದೇ ಸರಿ.

ಹಂದಿಗೆ ಇಡುವ ಸಿಡಿಮದ್ದು ಮಾತ್ರ ಬೇರೆಯೇ ಮಾತು. ತಿಂಡಿಯ ಉಂಡೆಯೊಳಗೆ ಮದ್ದು ತುಂಬಿ ಹಾದಿಯಲ್ಲಿ ಇಡುತ್ತಾರೆ. ಕಚ್ಚಿದರೆ ಸಿಡಿಯುತ್ತದೆ. ಹಂದಿಯೇ ಕಚ್ಚಬೇಕೆಂದಿಲ್ಲ. ಬ್ಯಾಣಕ್ಕೆ ಮೇಯಲು ಹೋದ ಹಸು ಕಚ್ಚಿ ದವಡೆ ಛಿದ್ರವಾಗಿ, ತಿನ್ನಲಾಗದೆ ಸತ್ತ ಸುದ್ದಿಗಳು ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಬರುತ್ತಲೇ ಇರುತ್ತವೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಹೀಗೇ ಬಾಯಿ ಸುಟ್ಟುಕೊಂಡು ಹೊಳೆಯಲ್ಲಿ ನಿಂತು ಪ್ರಾಣ ಬಿಟ್ಟಿತು. ಇದು ಪಟಾಕಿಯ ಹೆಸರಿನಲ್ಲಿ ಸಾಗಿಬರುವ ಮದ್ದಿನ ದುರ್ಬಳಕೆ. ವನ್ಯಜೀವಿ ಕಾಯ್ದೆ, ಸ್ಫೋಟಕ ಕಾಯ್ದೆ ಎರಡರಲ್ಲೂ ಅಪರಾಧ. ಹಸು ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೂ ಜೈಲು ಆಗಬಹುದು. ಹೋಲಿಸಿ ನೋಡಿ, ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ನಾಯಿ ಬಾಲಕ್ಕೆ ಪಟಾಕಿ ಕಟ್ಟಿದವನಿಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಡಬ್ಬ ಲಕ್ಷ್ಮಿ ಪಟಾಕಿ ಅದಕ್ಕಿಂತ ದುಬಾರಿ.

ಹಾಗಾದರೆ ಏನು ಮಾಡಬಹುದು?

ಅಂಗಡಿಯಲ್ಲಿ ಡಬ್ಬ ತಿರುಗಿಸಿ ನೋಡಿ. ಹಸಿರು ಪಟಾಕಿಯ ಮೇಲೆ ನೀರಿಯ ಗುರುತು ಮತ್ತು ಕ್ಯೂಆರ್ ಕೋಡ್ ಇರುತ್ತದೆ, ತಯಾರಕರ ಹೆಸರು ಇರುತ್ತದೆ. ಅಂಗಡಿಯವರ ಹತ್ತಿರ ಪರವಾನಗಿ ಇರಬೇಕು, ಕೇಳಿದರೆ ತಪ್ಪಿಲ್ಲ. ಬಿಲ್ ತಗೊಳ್ಳಿ. ಹೆಸರಿಲ್ಲದ ಕಾಗದ ಸುತ್ತಿದ ಬಾಂಬು ಎಷ್ಟೇ ಅಗ್ಗವಾದರೂ ಬೇಡ. ಅದರೊಳಗೆ ಏನಿದೆ ಎಂದು ಮಾರುವವರಿಗೂ ಗೊತ್ತಿರುವುದಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ಜಾತ್ರೆ ಸಮಿತಿಯ ಸಭೆಯಲ್ಲಿ ಆಗುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ತೆಪ್ಪೋತ್ಸವದ ಬಾಣಬಿರುಸು ನೋಡಲು ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಸಾಗರ, ಶಿವಮೊಗ್ಗದ ಮಾರಿಜಾತ್ರೆಗೆ ಸೇರುವ ಜನವನ್ನಂತೂ ಕೇಳುವುದೇ ಬೇಡ. ಇವನ್ನು ನಿಲ್ಲಿಸಿ ಎನ್ನುವುದು ನನ್ನ ವಾದವಲ್ಲ. ಪರಿಣತರು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಮಾಡುವ ಪ್ರದರ್ಶನ ನೂರು ಅಂಗಳದಲ್ಲಿ ನೂರು ಹೊತ್ತಿಗೆ ಸಿಡಿಯುವುದಕ್ಕಿಂತ ಎಷ್ಟೋ ವಾಸಿ. 2018ರ ಆದೇಶದಲ್ಲಿ ಸುಪ್ರೀಂ ಕೋರ್ಟು ಸಹ ಸಾಮೂಹಿಕವಾಗಿ ಗೊತ್ತಾದ ಜಾಗದಲ್ಲಿ ಹೊಡೆಯುವುದಕ್ಕೇ ಒತ್ತು ಕೊಟ್ಟಿತು. ಎಂಟಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುತ್ತದೆ ಎಂದು ಮೈಕಿನಲ್ಲಿ ಮೊದಲೇ ಹೇಳಿದರೆ ಹಸು ಕಟ್ಟಿದವರು, ನಾಯಿ ಸಾಕಿದವರು, ಬಾಣಂತಿ ಇರುವ ಮನೆಯವರು ತಯಾರಾಗುತ್ತಾರೆ.

ಸಮಿತಿಯವರು ಜಾಗ ಆರಿಸುವಾಗ ನೋಡಬೇಕಾದ್ದು ಕಾಗದದ ನಕ್ಷೆಯಲ್ಲಿ ಇರುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಜಾತ್ರೆಗಳ ಕಾಲ, ಅದೇ ಹುಲ್ಲಿನ ಬಣವೆಗಳ ಕಾಲ. ಸೊಪ್ಪಿನ ಬೆಟ್ಟದಲ್ಲಿ ಒಣ ತರಗೆಲೆ ಮೊಣಕಾಲುದ್ದ ಬಿದ್ದಿರುತ್ತದೆ. ರಾಕೆಟ್ಟಿನ ಕಡ್ಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. ಹಾರಿಸುವ ಜಾಗಕ್ಕೂ ದಾಸ್ತಾನಿಗೂ ನಡುವೆ ದೂರ ಇರಬೇಕು, ದಾಸ್ತಾನಿನ ಹತ್ತಿರ ಜನ ನಿಲ್ಲಬಾರದು. ಪುಟ್ಟಿಂಗಲ್‌ನಲ್ಲಿ ತಪ್ಪಿದ್ದು ಇದೇ. ಅರಳಿಮರದಲ್ಲಿ, ಗೋಪುರದಲ್ಲಿ ಹೆಜ್ಜೇನು ಕಟ್ಟಿದೆಯಾ ಎಂದು ತಲೆ ಎತ್ತಿ ನೋಡಬೇಕು. ಹೊಳೆ ದಂಡೆಯಾದರೆ ಬೂದಿ, ಅರೆಬೆಂದ ಮದ್ದು ನೀರಿಗೆ ಬೀಳದ ಹಾಗೆ ದಂಡೆಯಿಂದ ಹಿಂದಕ್ಕೆ ಸರಿಯಬೇಕು. ಮರುದಿನ ಬೆಳಗ್ಗೆ ಮಕ್ಕಳು ಬರುವ ಮೊದಲೇ ಠುಸ್ಸಾದ ಪಟಾಕಿಗಳನ್ನೆಲ್ಲ ಆರಿಸಿ ನೀರಿನಲ್ಲಿ ನೆನೆಹಾಕಬೇಕು. ಕೈ ಬೆರಳು, ಕಣ್ಣು ಹೋಗುವುದು ಎಷ್ಟೋ ಸಲ ಇಂಥ ಠುಸ್ ಪಟಾಕಿಯ ಬತ್ತಿ ಊದಲು ಹೋದಾಗ.

ಕಣ್ಣಿಗೆ ಕಿಡಿ ಬಿದ್ದರೆ ಉಜ್ಜಬಾರದು, ಒತ್ತಬಾರದು, ಮನೆಯಲ್ಲಿರುವ ಡ್ರಾಪ್ಸ್ ಹಾಕಬಾರದು. ಒಂದು ಪೇಪರ್ ಲೋಟ ಕವುಚಿ ಮುಚ್ಚಿ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಚರ್ಮ ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಟೂತ್‌ಪೇಸ್ಟ್ ಬೇಡ.

ಸಾರ್ವಜನಿಕ ಪ್ರದರ್ಶನಕ್ಕೆ ಪರವಾನಗಿ ಬೇಕು. ಅರ್ಜಿಯನ್ನು ಹಬ್ಬದ ಹಿಂದಿನ ದಿನ ಕೊಟ್ಟು 'ನೋಡ್ಕೊಳ್ಳಿ ಸಾರ್' ಎನ್ನುವುದು ನಮ್ಮ ರೂಢಿ. ಅಷ್ಟರಲ್ಲಿ ಮಾಲು ಊರಿಗೆ ಬಂದಾಗಿರುತ್ತದೆ, ಅಡ್ವಾನ್ಸ್ ಕೊಟ್ಟಾಗಿರುತ್ತದೆ, ಬೇಡ ಎನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಒಂದು ತಿಂಗಳು ಮೊದಲೇ ಕೊಟ್ಟರೆ ಅಗ್ನಿಶಾಮಕದವರು, ಠಾಣೆಯವರು ಬಂದು ಜಾಗ ನೋಡಲು ಸಮಯ ಸಿಗುತ್ತದೆ. ಜಾಗ ಸರಿಯಿಲ್ಲ ಎಂದರೆ ಬೇರೆ ಗದ್ದೆಬಯಲು ಹುಡುಕಲೂ ಸಮಯ ಇರುತ್ತದೆ. ಮದ್ದಿನ ಕೆಲಸದವರಿಗೆ ಅಡ್ವಾನ್ಸ್ ಕೊಡುವುದು ಅದಾದ ಮೇಲೆ.